ದಕ್ಷಿಣದ ಮನೆಯ ನೆರಳು: ಒಂದು ಸೋಲಾರ್ ತಕರಾರಿನ ಕಥೆ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಚಿಕ್ಕಪ್ಪನ ಮನೆ. ಮೂವತ್ತು-ನಲವತ್ತರ ಸೈಟು, ಪೂರ್ವಕ್ಕೆ ರಸ್ತೆ, ಕೆಳಗೊಂದು ಮೇಲೊಂದು ಮನೆ, ಅದರ ಮೇಲೆ ತಾರಸಿ. ಕಟ್ಟಿಸಿ ಇಪ್ಪತ್ತೇಳು ವರ್ಷವಾಯಿತು. ಚಿಕ್ಕಪ್ಪ ಪಿಯು ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. 'ಕಂಬದ ನೆರಳಿನ ಉದ್ದ ಕಂಡುಹಿಡಿಯಿರಿ' ಅನ್ನುವ ಲೆಕ್ಕವನ್ನು ಮೂವತ್ತು ವರ್ಷ ಹುಡುಗರಿಗೆ ಮಾಡಿಸಿದ್ದಾರೆ. ಅದೇ ಲೆಕ್ಕ ಕೊನೆಗೆ ಅವರ ತಾರಸಿಗೇ ಬಂದು ಕೂತಿತು.

2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂತಲ್ಲ, ಒಂದು ಕೋಟಿ ಮನೆಗಳ ಮೇಲೆ ಸೋಲಾರ್ ಅಂತ, ಆಗಲೇ ಚಿಕ್ಕಪ್ಪ ಮನಸ್ಸು ಮಾಡಿದರು. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಜೂನ್ ಹೊತ್ತಿಗೆ ತಾರಸಿಯ ಮೇಲೆ 545 ವ್ಯಾಟಿನ ಆರು ಪ್ಯಾನೆಲ್ ಕೂತವು. ಎರಡು ಸಾಲು, ಸಾಲಿಗೆ ಮೂರು, ಮುಖ ದಕ್ಷಿಣಕ್ಕೆ. ಮುಂದಿನ ಸಾಲು ದಕ್ಷಿಣದ ಪ್ಯಾರಪೆಟ್‌ನಿಂದ ಎರಡೂವರೆ ಅಡಿಯಲ್ಲೇ ಇತ್ತು. ಹಿಂದೆ ಬಟ್ಟೆ ಒಣಗಿಸಲು ಜಾಗ ಬೇಕು ಅಂತ ಚಿಕ್ಕಮ್ಮ ಹೇಳಿದ್ದಕ್ಕೆ ಹಾಗೆ ಮಾಡಿದ್ದು. ಹಾಕಿದವರು 'ಇನ್ನು ಇಪ್ಪತ್ತೈದು ವರ್ಷ ನಿಶ್ಚಿಂತೆ ಸಾರ್' ಅಂದು ಹೋದರು. ಪಕ್ಕದವರು ಮೇಲೆ ಕಟ್ಟುತ್ತಾರಾ ಅಂತ ಅವರು ಕೇಳಲಿಲ್ಲ, ಚಿಕ್ಕಪ್ಪನಿಗೂ ಹೊಳೆಯಲಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ಕೇಂದ್ರದ ನಿಯಮ ತಿದ್ದುಪಡಿಯಾಗಿ, 10 ಕಿಲೋವ್ಯಾಟ್‌ವರೆಗಿನ ಮನೆ ಸೋಲಾರ್‌ಗೆ ತಾಂತ್ರಿಕ ಪರಿಶೀಲನೆಯೇ ಬೇಡ, ಅರ್ಜಿ ಹಾಕಿದರೆ ಒಪ್ಪಿದಂತೆಯೇ ಅಂತಾಗಿತ್ತು. ಒಳ್ಳೆಯದೇ. ಆದರೆ ಹಿಂದೆ ಇದ್ದ ಪರಿಶೀಲನೆಯೂ ವಿದ್ಯುತ್ ಜಾಲ ತಡೆದೀತಾ ಅಂತ ನೋಡಲು ಇದ್ದದ್ದೇ ಹೊರತು ನೆರಳು ನೋಡಲು ಅಲ್ಲ.

ಬೀದಿಯಲ್ಲಿ ಆಗಲೇ ಒಂದು ಚರ್ಚೆ ನಡೆದಿತ್ತು. ದಕ್ಷಿಣದ ಮನೆಯವರು, ನಲವತ್ತರ ಆಸುಪಾಸಿನ ದಂಪತಿ, ಗೇಟಿನ ಹತ್ತಿರ ನಿಂತು ಕೇಳಿದ್ದರು: 'ಅಂಕಲ್, ಗೃಹಜ್ಯೋತೀಲಿ ನಮಗೆ ಕರೆಂಟೇ ಫ್ರೀ. ನಿಮಗ್ಯಾಕೆ ಈ ಖರ್ಚು?' ಪ್ರಶ್ನೆ ತಪ್ಪಲ್ಲ. 2023ರ ಜುಲೈಯಿಂದ 200 ಯೂನಿಟ್ ಒಳಗೆ, ಅವರವರ ಹಿಂದಿನ ವರ್ಷದ ಸರಾಸರಿಯ ಮೇಲೆ ಹತ್ತು ಪರ್ಸೆಂಟ್ ಸೇರಿಸಿದಷ್ಟು ಬಳಸಿದರೆ ಬಿಲ್ಲು ಸೊನ್ನೆ. ಆದರೆ 200 ದಾಟಿದರೆ ಪೂರ್ತಿ ಬಿಲ್ಲು. ಚಿಕ್ಕಪ್ಪನ ಮನೆಯಲ್ಲಿ ಇಂಡಕ್ಷನ್ ಒಲೆ, ಎಲೆಕ್ಟ್ರಿಕ್ ಸ್ಕೂಟರು, ಒಂದು ಎಸಿ ಎಲ್ಲ ಸೇರಿ 280ರ ಮೇಲೇ ಓಡುತ್ತಿತ್ತು. ಅವರ ಪಾಲಿಗೆ ಫ್ರೀ ಕರೆಂಟು ಪಕ್ಕದ ಮನೆಯ ಹೋಳಿಗೆ, ವಾಸನೆ ಮಾತ್ರ.

2025ರ ಫೆಬ್ರವರಿಯಲ್ಲಿ ದಕ್ಷಿಣದವರು ಎರಡನೇ ಮಹಡಿ ಶುರು ಮಾಡಿದರು. ಬ್ಯಾಂಕ್ ಸಾಲ ತೆಗೆದು ಬಾಡಿಗೆಗೆಂದು ಕಟ್ಟುತ್ತಿದ್ದ ಮನೆ. ಚಿಕ್ಕಪ್ಪ ತಾರಸಿಯಿಂದಲೇ ದಿನಾ ನೋಡುತ್ತಿದ್ದರು, ಕ್ಯೂರಿಂಗ್‌ಗೆ ನೀರು ಸಾಲದೆ ಹೋದಾಗ ನಮ್ಮ ಸಂಪಿನಿಂದಲೇ ಪೈಪು ಕೊಟ್ಟರು. ಜುಲೈನಲ್ಲಿ ಮೇಲಿನ ಮೌಲ್ಡ್ ಆಯಿತು. ಆಗ ಒಂದು ದಿನ ಚಿಕ್ಕಪ್ಪನಿಗೆ ಅನುಮಾನ ಬಂದು ಮಾತೆತ್ತಿದರೆ ಆತ ಪ್ಯಾನೆಲ್ ಕಡೆ ಕೈ ತೋರಿಸಿ, 'ನೆರಳೇ ಇಲ್ವಲ್ಲ ಅಂಕಲ್, ನೀವೇ ನೋಡಿ' ಅಂದ. ನಿಜವಾಗಿ ಇರಲಿಲ್ಲ!

ಈ ಪ್ರಕರಣದ ಗುಟ್ಟೆಲ್ಲ ಇಲ್ಲೇ ಇರುವುದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಮೈಸೂರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ, ಆಗಸ್ಟ್ ಇಪ್ಪತ್ತರ ಸುಮಾರಿಗೆ ವಾಪಸು ಬರುತ್ತಾನೆ. ಆ ನಾಲ್ಕು ತಿಂಗಳು ದಕ್ಷಿಣದ ಮನೆಯ ನಡುಹಗಲ ನೆರಳು ದಕ್ಷಿಣಕ್ಕೇ ಬೀಳುತ್ತದೆ. ಡಿಸೆಂಬರ್ 21ರಂದು ಮಾತ್ರ, ಗಡಿಯಾರದಲ್ಲಿ 12 ಗಂಟೆ 20 ನಿಮಿಷಕ್ಕೆ ಸೂರ್ಯ ದಿನದ ಎತ್ತರಕ್ಕೆ ಬಂದಾಗಲೂ ಕೋನ 54 ಡಿಗ್ರಿ ಅಷ್ಟೆ. ಹತ್ತಡಿ ಗೋಡೆಗೆ ಏಳಡಿ ನೆರಳು. ಬೆಳಿಗ್ಗೆ ಒಂಬತ್ತೂಕಾಲು, ಒಂಬತ್ತೂವರೆಗೆ ಅದೇ ಗೋಡೆಯ ನೆರಳು ಉತ್ತರಕ್ಕೆ ಒಂಬತ್ತೂವರೆ ಅಡಿ ಚಾಚುತ್ತದೆ. ಹೊಸ ಮಹಡಿ ಮತ್ತು ಪ್ಯಾರಪೆಟ್ ಸೇರಿ ನಮ್ಮ ತಾರಸಿಗಿಂತ ಹದಿಮೂರು ಅಡಿ ಮೇಲಿತ್ತು. ಅದರ ಮೇಲೆ ಮೆಟ್ಟಿಲ ಕೋಣೆ, ಅದರ ತಲೆಯ ಮೇಲೆ ಸಾವಿರ ಲೀಟರಿನ ಕಪ್ಪು ಸಿಂಟೆಕ್ಸ್ ಟ್ಯಾಂಕು. ಅದು ಇಪ್ಪತ್ತಮೂರು ಅಡಿ. ಎರಡು ಮನೆಯ ನಡುವೆ ಇದ್ದ ಜಾಗ ಐದೇ ಅಡಿ.

ದಸರಾ ಮುಗಿದು ಎರಡು ವಾರಕ್ಕೆ ಟ್ಯಾಂಕಿನ ನೆರಳು ನಮ್ಮ ತಾರಸಿಗೆ ಕಾಲಿಟ್ಟಿತು. ನಾನು ಆಗ ಅಲ್ಲೇ ಇದ್ದೆ. ಬೆಳಿಗ್ಗೆ ಪಡುವಣ ತುದಿಯ ಪ್ಯಾನೆಲ್ ಮೇಲೆ ಒಂದು ದಪ್ಪ ಹೆಬ್ಬೆಟ್ಟಿನ ಹಾಗೆ ಬಿದ್ದ ನೆರಳು ಹೊತ್ತೇರಿದಂತೆ ನಿಧಾನ ಮೂಡಣಕ್ಕೆ ಸರಿಯುತ್ತ, ಮುಂದಿನ ಸಾಲಿನ ಮೂರನ್ನೂ ಒಂದೊಂದಾಗಿ ಮುಟ್ಟಿ ಹೋಯಿತು. ಚಿಕ್ಕಪ್ಪ ಸೀಮೆಸುಣ್ಣದಿಂದ ಅರ್ಧರ್ಧ ಗಂಟೆಗೆ ಗುರುತು ಹಾಕುತ್ತಿದ್ದರು. ಮೊಬೈಲಿನ ಆ್ಯಪ್‌ನಲ್ಲಿ ದಿನದ ಉತ್ಪಾದನೆಯ ಗೆರೆ ಸಾಮಾನ್ಯವಾಗಿ ಚಾಮುಂಡಿ ಬೆಟ್ಟದ ಹಾಗೆ ನುಣ್ಣಗೆ ಏರಿ ಇಳಿಯುತ್ತದೆ. ಈಗ ಎಡಮಗ್ಗುಲಲ್ಲಿ ಯಾರೋ ಬಾಯಿ ಹಾಕಿ ಕಚ್ಚಿದಂತಿತ್ತು. ನವೆಂಬರ್ ನಡುವಿನಿಂದ ಪ್ಯಾರಪೆಟ್‌ನ ನೆರಳೂ ಬಂದು ಸೇರಿತು. ಹಿಂದಿನ ಚಳಿಗಾಲ ದಿನಕ್ಕೆ ಹನ್ನೆರಡು ಯೂನಿಟ್ ಕೊಡುತ್ತಿದ್ದದ್ದು ಏಳಕ್ಕೆ ಇಳಿಯಿತು.

ಒಂದು ಪ್ಯಾನೆಲಿನ ಮೂಲೆಗೆ ನೆರಳು ಬಿದ್ದರೆ ಇಷ್ಟೊಂದು ಯಾಕೆ ಇಳಿಯಬೇಕು ಅಂತ ಬಹಳ ಜನ ಕೇಳುತ್ತಾರೆ. ಆರೂ ಪ್ಯಾನೆಲ್‌ಗಳು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿದವು, ಎಲ್ಲದರಲ್ಲೂ ಹರಿಯಬೇಕಾದ್ದು ಒಂದೇ ಕರೆಂಟು. ತೋಟಕ್ಕೆ ನೀರು ಬಿಡುವ ಪೈಪನ್ನು ಎಲ್ಲೋ ಒಂದು ಕಡೆ ಕಾಲಲ್ಲಿ ತುಳಿದರೆ ತುದಿಯಲ್ಲಿ ಬರುವ ನೀರೂ ಇಳಿಯುತ್ತದಲ್ಲ, ಹಾಗೆ. ಪ್ಯಾನೆಲ್ ಒಳಗೆ ಬೈಪಾಸ್ ಡಯೋಡ್ ಇರುತ್ತದೆ, ಅದು ನೆರಳಿನ ಭಾಗವನ್ನು ಬಳಸಿ ದಾಟಿಸುತ್ತದೆ, ಪೂರ್ತಿ ನಿಲ್ಲಲು ಬಿಡುವುದಿಲ್ಲ. ಆದರೂ ನೆರಳಿನ ವಿಸ್ತಾರಕ್ಕಿಂತ ನಷ್ಟದ ವಿಸ್ತಾರ ಸಾಮಾನ್ಯವಾಗಿ ದೊಡ್ಡದೇ.

ಈಗ ಕಾನೂನು. ಚಿಕ್ಕಪ್ಪನಿಗೆ ಸಿಟ್ಟು ಬಂದಿತ್ತು. ಸರ್ಕಾರವೇ ಸಬ್ಸಿಡಿ ಕೊಟ್ಟು ಹಾಕಿಸಿದ ಮೇಲೆ ಬಿಸಿಲಿಗೂ ಏನೋ ರಕ್ಷಣೆ ಇರಲೇಬೇಕು ಅನ್ನುವುದು ಅವರ ವಾದ. ಬೀರುವಿನಿಂದ ಮನೆಯ ಕ್ರಯಪತ್ರ ತೆಗೆದರು. ಹಳೇ ಕಾಲದ ಪತ್ರ ಬರಹಗಾರರು ಬರೆದದ್ದು. ಕೊನೆಯಲ್ಲಿ 'ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತ' ಅಂತ ಇತ್ತು. 'ನೋಡೋ, ತೇಜಸ್ವಾಮ್ಯ ಅಂತಿದೆ. ತೇಜ ಅಂದ್ರೆ ಬೆಳಕಲ್ವೇನೋ?' ಅಂದರು. ನನ್ನ ಗೆಳೆಯನೊಬ್ಬ ಮೈಸೂರು ಕೋರ್ಟಿನಲ್ಲಿ ವಕೀಲ. ಅವನು ಪತ್ರ ನೋಡಿ ನಕ್ಕ: 'ಸಾರ್, ನೆಲದ ಕೆಳಗಿನ ನಿಧಿ ನಿಮ್ಮದು, ನೀರು ನಿಮ್ಮದು, ಕಲ್ಲು ನಿಮ್ಮದು. ಎಂಟರಲ್ಲಿ ಬಿಸಿಲು ಮಾತ್ರ ಇಲ್ಲ.'

ಬಿಸಿಲಿಗೆ ಹತ್ತಿರದ ಕಾನೂನು ಅಂದರೆ 1882ರ ಈಸ್‌ಮೆಂಟ್ ಕಾಯಿದೆ, ಅಂದರೆ ಪಕ್ಕದವರ ಆಸ್ತಿಯ ಮೇಲೆ ನಮಗಿರುವ ಅನುಭೋಗದ ಹಕ್ಕಿನ ಕಾನೂನು. ಅದರ 15ನೇ ಸೆಕ್ಷನ್ ಪ್ರಕಾರ ಕಟ್ಟಡವೊಂದಕ್ಕೆ ಬರುವ ಬೆಳಕು-ಗಾಳಿಯನ್ನು 20 ವರ್ಷ ಅಡ್ಡಿಯಿಲ್ಲದೆ, ಶಾಂತವಾಗಿ ಅನುಭವಿಸಿಕೊಂಡು ಬಂದಿದ್ದರೆ ಅದು ಹಕ್ಕಾಗುತ್ತದೆ. ಚಿಕ್ಕಪ್ಪ ಇದನ್ನು ಹಿಡಿದುಕೊಂಡರು. ಮನೆಗೆ ಇಪ್ಪತ್ತೇಳು ವರ್ಷ, ತಾರಸಿಗೆ ಇಪ್ಪತ್ತೇಳು ವರ್ಷದಿಂದ ಬಿಸಿಲು. ಇನ್ನೇನು ಬೇಕು?

ಗೆಳೆಯ ಒಂದೊಂದೇ ಎಳೆ ಬಿಡಿಸಿದ. ಅದೇ ಕಾಯಿದೆಯ 17ನೇ ಸೆಕ್ಷನ್, ತೆರೆದ ನೆಲಕ್ಕೆ ಬರುವ ಬೆಳಕು-ಗಾಳಿಯ ಮೇಲೆ ಎಷ್ಟು ವರ್ಷ ಅನುಭವಿಸಿದರೂ ಹೀಗೆ ಹಕ್ಕು ಹುಟ್ಟುವುದಿಲ್ಲ ಅನ್ನುತ್ತದೆ. ತಾರಸಿ ತೆರೆದ ನೆಲವೋ ಕಟ್ಟಡವೋ? ವಾದ ಮಾಡಬಹುದು. ಕಟ್ಟಡ ಅಂತಲೇ ಇಟ್ಟುಕೊಂಡರೂ, ಪರಿಹಾರ ಕೇಳಲು ಹೋದರೆ 33ನೇ ಸೆಕ್ಷನ್ ಎದುರಾಗುತ್ತದೆ. ಅದು ಮಾತಾಡುವುದು ಮನೆಯ ತೆರಪುಗಳಿಗೆ ಬರುವ ಬೆಳಕಿನ ಬಗ್ಗೆ. ಆಸ್ತಿಯ ಬೆಲೆ ಗಣನೀಯವಾಗಿ ಇಳಿದಿರಬೇಕು, ಇಲ್ಲವೇ ಮನೆಯವರ ದೇಹಸೌಖ್ಯಕ್ಕೆ, ರೂಢಿಯ ಕಸುಬಿಗೆ ಗಟ್ಟಿ ತೊಂದರೆಯಾಗಿರಬೇಕು. ಅಂದರೆ ಆ ಕಾಯಿದೆಯ ಕಣ್ಣಿನಲ್ಲಿ ಬೆಳಕು ಅನ್ನುವುದು ಕಿಟಕಿಯೊಳಗೆ ಬಂದು ಕೋಣೆಯಲ್ಲಿ ಬೀಳುವ ವಸ್ತು. ಕರೆಂಟಾಗುವ ಬೆಳಕು ಆ ಕಾಯಿದೆಯ ಲೆಕ್ಕದಲ್ಲೇ ಇಲ್ಲ. ಇಪ್ಪತ್ತೇಳು ವರ್ಷ ನೀವು ಆ ತಾರಸಿಯಲ್ಲಿ ಅನುಭವಿಸಿದ್ದು ಸಂಡಿಗೆ ಒಣಗುವಷ್ಟು ಬಿಸಿಲು, ಪ್ಯಾನೆಲ್‌ನ ವಯಸ್ಸು ಒಂದೂವರೆ ವರ್ಷ ಅಂತ ಎದುರು ವಕೀಲರು ಹೇಳಿದರೆ ಏನು ಮಾಡುತ್ತೀರಿ? ಸರಿ, ತಡೆಯಾಜ್ಞೆ ಕೇಳೋಣ ಅಂದರೆ, ಫೆಬ್ರವರಿಯಿಂದ ನೋಡಿಕೊಂಡಿದ್ದು, ಸಂಪಿನ ನೀರೂ ಕೊಟ್ಟು, ಮೌಲ್ಡ್ ಆಗಿ ನಾಲ್ಕು ತಿಂಗಳಿಗೆ ಬಂದಿದ್ದೀರಿ. ಜಡ್ಜು ಮೊದಲು ಕೇಳುವುದೇ ಅದನ್ನು.

ಮನೆಯ ವಾಟ್ಸಾಪ್ ಗುಂಪಿನಲ್ಲಿ ಅಷ್ಟರಲ್ಲಿ ವಿಷಯ ಅಮೆರಿಕಾ ಮುಟ್ಟಿತ್ತು. ಚಿಕ್ಕಪ್ಪನ ಮಗಳು ಇರುವುದು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ. 'ನಮ್ಮೂರಲ್ಲಿ ಇದಕ್ಕೇ ಕಾನೂನಿದೆ ಅಪ್ಪಾ' ಅಂತ ಬರೆದಳು. ಇದೆ, ಸುಳ್ಳಲ್ಲ. 1978ರಲ್ಲೇ ಅಲ್ಲಿ ಸೌರ ನೆರಳು ನಿಯಂತ್ರಣ ಕಾಯಿದೆ ಬಂತು. ಅವಳ ಊರಿನಲ್ಲೇ ಅದರ ಒಂದು ಪ್ರಸಿದ್ಧ ಜಗಳವೂ ನಡೆಯಿತು. ಒಂದು ಮನೆಯವರು 1990ರ ದಶಕದ ಕೊನೆಯಲ್ಲಿ ಹಿತ್ತಲಲ್ಲಿ ಎಂಟು ರೆಡ್‌ವುಡ್ ಗಿಡ ನೆಟ್ಟಿದ್ದರು, ಪಕ್ಕದವರು 2001ರಲ್ಲಿ ಸೋಲಾರ್ ಹಾಕಿದರು, ಮರ ಬೆಳೆದು ನೆರಳು ಬಿತ್ತು. ಅಲ್ಲಿ ಇದು ಕ್ರಿಮಿನಲ್ ಪ್ರಕರಣವೇ ಆಗಿ, 2007ರ ಕೊನೆಯಲ್ಲಿ ಮರದ ಮನೆಯವರು ತಪ್ಪಿತಸ್ಥರು ಅಂತ ತೀರ್ಪಾಯಿತು. ಮೊದಲು ನೆಟ್ಟವರಿಗೆ ಶಿಕ್ಷೆ, ಆಮೇಲೆ ಬಂದವರಿಗೆ ಜಯ ಅಂತ ಗಲಾಟೆಯಾದ ಮೇಲೆ 2008ರಲ್ಲಿ ಕಾನೂನನ್ನೇ ತಿದ್ದಿ, ಪ್ಯಾನೆಲ್‌ಗಿಂತ ಮೊದಲು ನೆಟ್ಟ ಮರಕ್ಕೆ ವಿನಾಯಿತಿ ಕೊಟ್ಟರು. ಇದನ್ನೆಲ್ಲ ಬರೆದು ಕೊನೆಗೆ ಅವಳೇ ಸೇರಿಸಿದಳು: 'ಆದರೆ ಅದು ಮರಗಿಡಕ್ಕೆ ಮಾತ್ರ. ಕಟ್ಟಡಕ್ಕೆ ಅನ್ವಯಿಸಲ್ಲ.'

ಕಟ್ಟಡದ ವಿಷಯ ಬೇಕಿದ್ದರೆ ವಿಸ್ಕಾನ್ಸಿನ್‌ಗೆ ಹೋಗಬೇಕು. ಸೋಲಾರ್ ಮನೆಯವರೊಬ್ಬರು, ದಕ್ಷಿಣದ ಸೈಟಿನವರು ಮನೆಯನ್ನು ಕೆಲವು ಅಡಿ ಆಚೆ ಸರಿಸಿ ಕಟ್ಟಲಿ ಅಂತ ಕೇಳಿ, ಒಪ್ಪದಿದ್ದಾಗ ಕೋರ್ಟಿಗೆ ಹೋದರು. 1982ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ಬಿಸಿಲಿಗೆ ವಿವೇಚನೆಯಿಲ್ಲದೆ ಅಡ್ಡ ಬಂದರೆ ಅದೂ ನೆರೆಯವರಿಗೆ ಕೊಟ್ಟ ಉಪದ್ರವವೇ ಆಗಬಹುದು ಅಂದು ಪ್ರಕರಣವನ್ನು ವಿಚಾರಣೆಗೆ ಕೆಳಗಿನ ಕೋರ್ಟಿಗೆ ಕಳಿಸಿತು. ಚಿಕ್ಕಪ್ಪನಿಗೆ ಇದು ಬಹಳ ಹಿಡಿಸಿತು. ಗೆಳೆಯ ಮಾತ್ರ, 'ಅವರು ಕಟ್ಟೋಕೆ ಮುಂಚೆ ಕೇಳಿದ್ರು ಸಾರ್' ಅಂದ.

ಇನ್ನೊಂದು ಅಸ್ತ್ರ ಉಳಿದಿತ್ತು. ನಮ್ಮೂರುಗಳಲ್ಲಿ ನೆರೆಜಗಳ ಕೊನೆಗೆ ಬಂದು ನಿಲ್ಲುವುದು ಅಲ್ಲೇ. ಪಕ್ಕದವರು ಮೂರಡಿ ಬಿಡಬೇಕಾದ ಕಡೆ ಎರಡೇ ಅಡಿ ಬಿಟ್ಟಿದ್ದರು. ನಕ್ಷೆ ಉಲ್ಲಂಘನೆ ಅಂತ ಪಾಲಿಕೆಗೆ ದೂರು ಕೊಟ್ಟರೆ ಆತ ದಾರಿಗೆ ಬರುತ್ತಾನೆ. ಚಿಕ್ಕಪ್ಪ ದೂರು ಬರೆದೂ ಆಯಿತು, ಗಣಿತದ ಮೇಷ್ಟ್ರ ಅಕ್ಷರದಲ್ಲಿ, ಅಳತೆ ಸಮೇತ. ಚಿಕ್ಕಮ್ಮ ಅದನ್ನು ಓದಿ, ಅಡುಗೆಮನೆ ಬಾಗಿಲು ತೆರೆದು ಉತ್ತರದ ಓಣಿ ತೋರಿಸಿದರು. 2009ರಲ್ಲಿ ಪಾತ್ರೆ ತೊಳೆಯಲು ಅಂತ ನಾವು ಕಟ್ಟಿಸಿದ ಶೀಟಿನ ಕೋಣೆ ಕಾಂಪೌಂಡಿಗೆ ಅಂಟಿಕೊಂಡಿದೆ, ಬಿಟ್ಟ ಜಾಗ ಸೊನ್ನೆ. 'ನಮ್ಮ ತಟ್ಟೇಲಿ ಹೆಗ್ಗಣ ಬಿದ್ದಿದೆ. ಅವರ ತಟ್ಟೆ ನೊಣ ಯಾಕ್ರೀ?' ದೂರು ಬೀರುವಿಗೆ ಹೋಯಿತು, ಕ್ರಯಪತ್ರದ ಪಕ್ಕ.

ಈ ಹಂತದಲ್ಲಿ ನಾನೂ ಚಿಕ್ಕಪ್ಪನೂ ಕೂತು ನಷ್ಟದ ಲೆಕ್ಕ ಹಾಕಿದೆವು. ಮೊದಲ ದಿನವೇ ಹಾಕಬೇಕಿತ್ತು. ನೆರಳಿನ ಕಾಟ ಜೋರಾಗಿರುವುದು ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ. ಅಕ್ಟೋಬರ್, ಫೆಬ್ರವರಿಯ ಚೂರುಪಾರು ಸೇರಿಸಿದರೂ ವರ್ಷಕ್ಕೆ ನಾನೂರೈವತ್ತು ಯೂನಿಟ್ ಮೀರುವುದಿಲ್ಲ. ಯೂನಿಟ್‌ಗೆ ಆರು ರೂಪಾಯಿ ಅಂತ ಹಿಡಿದರೆ 2,700 ರೂಪಾಯಿ. ಕೋರ್ಟಿನಲ್ಲಿ ವಕಾಲತ್ತು ಹಾಕುವ ಖರ್ಚಿಗೂ ಸಾಲದ ದುಡ್ಡು. ಚಿಕ್ಕಪ್ಪ ಸುಮ್ಮನೆ ಕೂತರು. ಆಮೇಲೆ, 'ದುಡ್ಡಲ್ಲ ಕಣೋ. ಒಂದು ಮಾತು ಕೇಳಬೇಕಿತ್ತು ಅವನು' ಅಂದರು. ಆತ ಕೇಳಬೇಕಿತ್ತು ಸರಿ. ಪ್ಯಾನೆಲ್ ಹಾಕುವಾಗ ಚಿಕ್ಕಪ್ಪನೂ ಆತನನ್ನು ಕೇಳಿರಲಿಲ್ಲ. ಸೋಲಾರ್ ಹಾಕಿಸುವ ಮುಂಚೆ ಮಾತಾಡಿಸಬೇಕಾದವರ ಪಟ್ಟಿಯಲ್ಲಿ ಕಂಪನಿಯವರಿಗಿಂತ ಮೇಲೆ ದಕ್ಷಿಣದ ಮನೆಯವರ ಹೆಸರಿರಬೇಕು ಅನ್ನುವುದು ನನ್ನ ಅಭಿಪ್ರಾಯ. ಇಬ್ಬರೂ ಒಪ್ಪಿದರೆ ಬಿಸಿಲಿಗೆ ಅಡ್ಡ ಬರುವುದಿಲ್ಲ ಅಂತ ಕರಾರು ಬರೆದು ರಿಜಿಸ್ಟರ್ ಮಾಡಿಸಲು ಕಾನೂನಿನಲ್ಲಿ ದಾರಿಯಿದೆ. ಆದರೆ ಮುಂದೆ ಮಹಡಿ ಏರಿಸುವ ಹಕ್ಕನ್ನೇ ಬಿಟ್ಟುಕೊಡುವ ಕರಾರಿಗೆ, ಈಗಿನ ಸೈಟಿನ ಬೆಲೆಯಲ್ಲಿ, ಯಾರು ಸಹಿ ಹಾಕುತ್ತಾರೆ?

ಕಾನೂನಿಗೆ ಆಗದ ಕೆಲಸವನ್ನು ಮಾಡಿದ್ದು ವಾಸ್ತು. ಪೂರ್ತಿ ಅಲ್ಲ, ಅರ್ಧ.

ಪಕ್ಕದವರ ಮೆಟ್ಟಿಲ ಕೋಣೆ ಇದ್ದದ್ದು ಅವರ ಮನೆಯ ಈಶಾನ್ಯ ಮೂಲೆಯಲ್ಲಿ. ಮೇಸ್ತ್ರಿ ಪೈಪಿನ ಉದ್ದ ಉಳಿಸಲು ಟ್ಯಾಂಕನ್ನು ಅದರ ಮೇಲೆಯೇ ಕೂರಿಸಿದ್ದ. ಕಾರ್ತಿಕ ಮಾಸದ ಒಂದು ಸಂಜೆ ಚಿಕ್ಕಮ್ಮ ದೀಪ ಹಚ್ಚಿ ಬಂದು, ಕಾಂಪೌಂಡಿನಾಚೆ ಇದ್ದ ಆಕೆಯ ಹತ್ತಿರ ತೀರಾ ಸಹಜವಾಗಿ ಕೇಳಿದರು: 'ಅಲ್ಲಮ್ಮಾ, ಈಶಾನ್ಯದಲ್ಲಿ ಅಷ್ಟು ಭಾರ ಇಟ್ಟಿದೀರಲ್ಲ, ಟ್ಯಾಂಕು ನೈರುತ್ಯದಲ್ಲಿ ಇರಬೇಕು ಅಂತಾರಪ್ಪ.' ಅಷ್ಟೇ. ಪ್ಯಾನೆಲ್ ವಿಷಯ ಬಾಯಿಬಿಡಲಿಲ್ಲ. ಎರಡು ದಿನಕ್ಕೆ ವಾಸ್ತು ನೋಡುವವರು ಬಂದರು, ವಾರದೊಳಗೆ ಪ್ಲಂಬರ್ ಬಂದ. ನೈರುತ್ಯ ಅಂದರೆ ನಮ್ಮಿಂದ ಇಪ್ಪತ್ತು ಅಡಿ ದೂರದ ಮೂಲೆ. ಟ್ಯಾಂಕಿನ ನೆರಳು ಅವರ ತಾರಸಿಯಲ್ಲೇ ಮುಗಿಯತೊಡಗಿತು. ನನಗೆ ವಾಸ್ತುವಿನಲ್ಲಿ ನಂಬಿಕೆ ಇಲ್ಲ. ಚಿಕ್ಕಮ್ಮನಿಗೆ ಇದೆಯೋ ಇಲ್ಲವೋ ಈವರೆಗೆ ಗೊತ್ತಾಗಿಲ್ಲ.

ಉಳಿದದ್ದು ಪ್ಯಾರಪೆಟ್‌ನ ನೆರಳು. ಪ್ಯಾನೆಲ್ ಒಂದೊಂದಕ್ಕೂ ಬೇರೆ ಆಪ್ಟಿಮೈಸರ್ ಹಾಕುವ ಯೋಚನೆ ಬಂತು, ಬೆಲೆ ಕೇಳಿ ಬಿಟ್ಟೆವು. ಅದೂ ನಷ್ಟವನ್ನು ನೆರಳು ಬಿದ್ದ ಪ್ಯಾನೆಲಿಗೆ ಸೀಮಿತ ಮಾಡುತ್ತದೆ ಅಷ್ಟೆ, ನೆರಳನ್ನು ಕಳೆಯುವುದಿಲ್ಲ. ಕೊನೆಗೆ ಸ್ಟ್ಯಾಂಡನ್ನೇ ಎತ್ತರಿಸುವುದು ಅಂತಾಯಿತು. ಮೂರಡಿ ಇದ್ದದ್ದನ್ನು ಒಂಬತ್ತು ಅಡಿಗೆ. ಆಗ ಹದಿಮೂರು ಅಡಿಯ ಗೋಡೆ ಪ್ಯಾನೆಲಿನ ಪಾಲಿಗೆ ನಾಲ್ಕಡಿಯದಾಗುತ್ತದೆ, ಆ ನೆರಳು ನಡುವಿನ ಐದಡಿಯ ಸಂದಿಯಲ್ಲೇ ಬಿದ್ದುಹೋಗುತ್ತದೆ. ಈ ಲೆಕ್ಕವನ್ನು ಚಿಕ್ಕಪ್ಪ ಕ್ಯಾಲೆಂಡರಿನ ಹಿಂಬದಿ ಬರೆದು ಗೋಡೆಗೆ ಅಂಟಿಸಿದರು. ಜಿಐ ಕಂಬ, ಆಷಾಢದ ಗಾಳಿಗೆ ಅಲುಗದ ಹಾಗೆ ಬುಡಕ್ಕೆ ಕಾಂಕ್ರೀಟ್, ವೆಲ್ಡಿಂಗ್ ಎಲ್ಲ ಸೇರಿ 38,000 ರೂಪಾಯಿ. ನಷ್ಟದ ಲೆಕ್ಕಕ್ಕೆ ಹೋಲಿಸಿದರೆ ಹದಿನಾಲ್ಕು ವರ್ಷಕ್ಕೆ ಹುಟ್ಟುವ ದುಡ್ಡು. ಕೆಳಗೆ ನೆರಳಿನ ಜಾಗ ಸಿಕ್ಕಿತು, ಚಿಕ್ಕಪ್ಪನಿಗೆ ಕುರ್ಚಿ ಹಾಕಿಕೊಂಡು ಪೇಪರ್ ಓದಲು ಆಯಿತು ಅಂತ ಸಮಾಧಾನ. ವೆಲ್ಡಿಂಗ್ ದಿನ ಪಕ್ಕದಾತ ಬಂದು ಏಣಿ ಹಿಡಿದ. 'ಮೊದಲೇ ಹೇಳಿದ್ರೆ ನಾನು ಪ್ಯಾರಪೆಟ್ ಬದಲು ಕಂಬಿ ಹಾಕಿಸ್ತಿದ್ದೆ ಅಂಕಲ್' ಅಂದ. ಚಿಕ್ಕಪ್ಪ ಉತ್ತರ ಕೊಡಲಿಲ್ಲ, ಕಾಫಿ ತರಿಸಿದರು.

ಡಿಸೆಂಬರ್ ಎರಡನೇ ವಾರದಿಂದ ದಿನಕ್ಕೆ ಹನ್ನೆರಡು ಯೂನಿಟ್ ಮತ್ತೆ ಬಂತು. ಆ್ಯಪ್‌ನ ಗೆರೆ ಬೆಟ್ಟವಾಯಿತು.

ಅದಾದ ನಾಲ್ಕನೇ ದಿನ, ಭಾನುವಾರ ಬೆಳಿಗ್ಗೆ ಎಂಟೂವರೆಗೆ ಉತ್ತರದ ಮನೆಯವರು ಗೇಟಿನ ಹತ್ತಿರ ನಿಂತಿದ್ದರು. ಅವರ ಮನೆಯೂ ಒಂದೇ ಮಹಡಿ, ತಾರಸಿ ನಮ್ಮ ತಾರಸಿಯ ಮಟ್ಟಕ್ಕೇ ಇದೆ. ಅವರ ತಾಯಿಗೆ ಎಂಬತ್ತಾರು. ಚಳಿಗಾಲದಲ್ಲಿ ಬೆಳಿಗ್ಗೆ ತಾರಸಿಯ ದಕ್ಷಿಣದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎಳೆಬಿಸಿಲು ಕಾಯಿಸುವುದು ಅವರ ಎಷ್ಟೋ ವರ್ಷದ ರೂಢಿ.

'ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ' ಅಂದರು ಅವರು. 'ನಿಮ್ಮ ಪ್ಯಾನೆಲ್ ನೆರಳು ಈಗ ಅಮ್ಮನ ಕುರ್ಚಿ ಮೇಲೇ ಬೀಳ್ತಿದೆ.'

ಚಿಕ್ಕಪ್ಪ ಒಳಗೆ ಹೋಗಿ ಸೀಮೆಸುಣ್ಣ ತಂದರು.